ಬಂದೂಕಿಗೆ ದುರ್ಬೀನು ಕೇಳುವವರಿಗೆ

ನಮ್ಮ ಫೋನಿಗೆ ಬರುವ ಪ್ರಶ್ನೆಗಳಿಗೂ ಒಂದು ಹಂಗಾಮು ಇರುತ್ತದೆ. ಮಳೆಗಾಲದಲ್ಲಿ ಬೆಳೆವಿಮೆ, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ತೊಗರಿ ಕಾಯಿ ಕಟ್ಟಿ ಜೋಳ ಹಾಲುಗಾಳಿಗೆ ಬಂದಾಗ ಹಂದಿ. ಚಿಂಚೋಳಿ, ಸೇಡಂ ಕಡೆಯಿಂದ ಹೆಚ್ಚು, ಚಿತ್ತಾಪುರ, ವಾಡಿ, ಶಹಾಬಾದ ಕಡೆಯಿಂದ ಸ್ವಲ್ಪ ಕಡಿಮೆ. ಇತ್ತೀಚೆಗೆ ಹಂದಿಯ ಜೊತೆ ಇನ್ನೊಂದು ಪ್ರಶ್ನೆಯೂ ಬರುತ್ತಿದೆ: "ಬಂದೂಕಿಗಿ ದುರ್ಬೀನ್ ಹಾಕಸಬೇಕಂತ ಮಾಡೀವ್ರಿ, ಯಾವುದು ಛಲೋ ಅದ ಹೇಳ್ರಿ."

ಮೊಬೈಲ್‌ನಲ್ಲಿ ಎರಡು-ಮೂರು ಸಾವಿರ ರೂಪಾಯಿಗೆ ಸ್ಕೋಪ್ ಕಾಣಿಸುತ್ತದೆ. ಜೊತೆಗೆ ಎರಡು ರಿಂಗ್ ಪುಕ್ಕಟೆ. ವಿಡಿಯೋದಲ್ಲಿ ಯಾವುದೋ ದೇಶದವ ಅರ್ಧ ಕಿಲೋಮೀಟರ್ ದೂರದ ಹಂದಿಗೆ ಗುರಿ ಇಡುತ್ತಾನೆ. ರಾತ್ರಿಯೆಲ್ಲ ಹೊಲದಲ್ಲಿ ಎಚ್ಚರ ಇರುವವರಿಗೆ ಅದನ್ನು ನೋಡಿದರೆ ಆಸೆ ಹುಟ್ಟುವುದು ಸಹಜ. ಸುದ್ದಿ ಕೆಲಸದಲ್ಲಿ ನಮಗೆ ಕ್ಯಾಮೆರಾ ಲೆನ್ಸಿನ ಪರಿಚಯ ಉಂಟು, ಬಂದೂಕಿನದು ಇರಲಿಲ್ಲ. ಹಾಗಾಗಿ ಒಬ್ಬ ನಿವೃತ್ತ ಫೌಜಿ, ಲೈಸೆನ್ಸ್ ಇರುವ ಒಬ್ಬ ಬಂದೂಕು ವ್ಯಾಪಾರಿ, ಮಕ್ಕಳಿಗೆ ಏರ್ ರೈಫಲ್ ಕಲಿಸುವ ಒಬ್ಬ ತರಬೇತುದಾರ, ಈ ಮೂವರ ಹತ್ತಿರ ಕೂತು ಕೇಳಿಕೊಂಡೆವು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸ್ಕೋಪ್ ಯಾವುದು ಎನ್ನುವ ಮೊದಲು ಬಂದೂಕು ಯಾವುದು ಎಂದು ಕೇಳಬೇಕು. ನಮ್ಮ ಹಳ್ಳಿಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ ಬಂದೂಕುಗಳಲ್ಲಿ ಹೆಚ್ಚಿನವು ಬಾಯಿಂದ ಮದ್ದು ತುಂಬುವ ಹಳೆ ಬಂದೂಕು, ಇಲ್ಲವೇ 12 ಬೋರ್. ಇವುಗಳ ನಳಿಗೆ ಒಳಗೆ ನುಣ್ಣಗಿರುತ್ತದೆ. ರೈಫಲ್ ನಳಿಗೆಯ ಒಳಗೆ ತಿರುಚಿದ ಗೀರುಗಳಿರುತ್ತವೆ. ಆ ಗೀರು ಗುಂಡನ್ನು ಬುಗುರಿಯ ಹಾಗೆ ತಿರುಗಿಸುವುದರಿಂದ ಗುಂಡು ನೆಟ್ಟಗೆ ಹೋಗುತ್ತದೆ. ನುಣುಪು ನಳಿಗೆಯಿಂದ ಹೊರಟ ಚರೆ ಹರಡುತ್ತದೆ, ಒಂಟಿ ಗುಂಡೂ ನಲವತ್ತು-ಐವತ್ತು ಮೀಟರ್ ದಾಟಿದ ಮೇಲೆ ಎಲ್ಲಿ ಬೀಳುತ್ತದೆಂದು ನಂಬುವ ಹಾಗಿಲ್ಲ. ಅಂಥ ಬಂದೂಕಿಗೆ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಗಾಜು ಹಾಕಿದರೆ ಹಂದಿ ದೊಡ್ಡದಾಗಿ ಕಾಣುತ್ತದೆ, ಗುಂಡಿನ ನಡತೆ ಮಾತ್ರ ಬದಲಾಗುವುದಿಲ್ಲ. ಅಪ್ಪನ ಕಾಲದ ಬಂದೂಕಿಗೆ ಸ್ಕೋಪ್ ಕೇಳುವವರಿಗೆ ನಮ್ಮ ಮೊದಲ ಮಾತು ಇದೇ: ಆ ರೊಕ್ಕ ಉಳಿಸಿರಿ.

ಎರಡನೆಯದು .315 ರೈಫಲ್. ಪಶ್ಚಿಮ ಬಂಗಾಳದ ಇಷಾಪುರ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದ ಈ ರೈಫಲ್ ಕೆಲವರ ಮನೆಯಲ್ಲಿದೆ. ಹಳೆಯ .315 ರೈಫಲ್‌ಗಳ ಮೇಲೆ ಸ್ಕೋಪ್ ಕೂರಿಸುವ ಪಟ್ಟಿ ಇರುವುದಿಲ್ಲ. ಗುಂಡು ಮೇಲಿನಿಂದ ತುಂಬಬೇಕಾದ್ದರಿಂದ ನಡುಮಧ್ಯೆ ಸ್ಕೋಪ್ ಕೂತರೆ ಬೆರಳಿಗೆ ಜಾಗ ಸಾಲದು. "ಶಹಾಬಾದದಾಗ ಲೇಥ್ ಅಂಗಡಿ ಅದಾವ, ತೂತು ಕೊರಸ್ತೀನಿ" ಎಂದು ಒಬ್ಬರು ಹೇಳಿದರು. ಬೇಡ. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ರಿಪೇರಿ, ಮಾರ್ಪಾಡು ಮಾಡುವವರಿಗೂ ಅದಕ್ಕೆಂದೇ ಲೈಸೆನ್ಸ್ ಬೇಕು. ಲೇಥ್‌ನವ ಎಷ್ಟೇ ಜಾಣನಿರಲಿ, ಕೇಸು ಅವನ ಮೇಲೂ ಆಗುತ್ತದೆ, ನಿಮ್ಮ ಮೇಲೂ ಆಗುತ್ತದೆ. ಮೊದಲು ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಕೇಳಿ, ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೇ ಕೆಲಸ ಮಾಡಿಸಬೇಕು.

ಮೂರನೆಯದು ಏರ್ ರೈಫಲ್. .177 ಬೋರ್, 20 ಜೂಲ್ ಒಳಗಿನ ಶಕ್ತಿಯದಾದರೆ ಲೈಸೆನ್ಸ್ ಬೇಕಿಲ್ಲ. ಇದು ಗುರಿ ಕಲಿಯುವ ಸಾಧನ, ಹಂದಿ ಹೊಡೆಯುವುದಲ್ಲ. ಆ ಸಣ್ಣ ಗುಂಡು ಹಂದಿಯನ್ನು ಗಾಯ ಮಾಡಿ ಕೆರಳಿಸುತ್ತದೆ ಅಷ್ಟೆ.

ಈಗ ಸ್ಕೋಪಿನ ಲೆಕ್ಕಕ್ಕೆ ಬರೋಣ. ಡಬ್ಬಿಯ ಮೇಲೆ 3-9×40 ಎಂದು ಬರೆದಿದ್ದರೆ, ಮೂರು ಪಟ್ಟಿನಿಂದ ಒಂಬತ್ತು ಪಟ್ಟಿನವರೆಗೆ ದೊಡ್ಡದು ಮಾಡುತ್ತದೆ, ಮುಂದಿನ ಗಾಜು 40 ಮಿ.ಮೀ. ಅಗಲ ಎಂದರ್ಥ. ಪಟ್ಟು ಹೆಚ್ಚಾದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಮಬ್ಬಾಗುತ್ತದೆ, ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ನೂರು ಮೀಟರ್ ಒಳಗಿನ ಕೆಲಸಕ್ಕೆ ನಾಲ್ಕು ಪಟ್ಟು ಸಾಕೇ ಸಾಕು. ದೊಡ್ಡ ಅಂಕಿ ನೋಡಿ ದುಡ್ಡು ಕೊಡಬೇಡಿ.

ರಿಂಗ್ ಎಂದರೆ ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ಎರಡು ಬಳೆ. ಸ್ಕೋಪಿನ ಕೊಳವೆ ಒಂದು ಇಂಚು, ಅಂದರೆ 25.4 ಮಿ.ಮೀ. ಇರಬಹುದು, ಅಥವಾ 30 ಮಿ.ಮೀ. ಇರಬಹುದು. ಬಳೆಯ ಅಳತೆ ಕೊಳವೆಗೆ ಸರಿಯಾಗಿ ಕೂರಬೇಕು. 30ರ ಬಳೆಯೊಳಗೆ ರಬ್ಬರ್ ಸುತ್ತಿ ಒಂದು ಇಂಚಿನ ಕೊಳವೆ ಸೇರಿಸುವವರನ್ನು ನೋಡಿದ್ದೇವೆ. ಹತ್ತು ಗುಂಡು ಹಾರುವಷ್ಟರಲ್ಲಿ ಅದು ಜಾರುತ್ತದೆ. ಬಳೆಯ ಕೆಳಭಾಗ ಕೂರುವ ಪಟ್ಟಿಯೂ ಬೇರೆ ಬೇರೆ. ಏರ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 11 ಮಿ.ಮೀ. ಗಾಡಿ, ದೊಡ್ಡ ರೈಫಲ್‌ಗಳಲ್ಲಿ ಅಡ್ಡ ಗಾಡಿಗಳಿರುವ ಅಗಲ ಪಟ್ಟಿ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಆರ್ಡರ್ ಮಾಡುವ ಮೊದಲು ಸ್ಕೇಲ್ ಹಿಡಿದು ಅಳೆಯಿರಿ.

ಬಳೆಯ ಎತ್ತರ ಮೂರು ತರಹ: ಗಿಡ್ಡ, ಮಧ್ಯಮ, ಎತ್ತರ. ಮುಂದಿನ ಗಾಜಿನ ಗಂಟೆಯಾಕಾರದ ಭಾಗ ನಳಿಗೆಗೆ ತಾಗಬಾರದು, ಎರಡು-ಮೂರು ಮಿ.ಮೀ. ಸಂದು ಇರಬೇಕು. ಅಷ್ಟು ಸಿಕ್ಕರೆ ಎಲ್ಲಕ್ಕಿಂತ ಗಿಡ್ಡ ಬಳೆಯೇ ಒಳ್ಳೆಯದು. ಎತ್ತರವಾದರೆ ಗಲ್ಲ ಕಟ್ಟಿಗೆಯ ಮೇಲೆ ಊರುವುದಿಲ್ಲ, ಕತ್ತು ಎತ್ತಿ ನೋಡಬೇಕಾಗುತ್ತದೆ, ಪ್ರತಿ ಸಲ ಕಣ್ಣು ಬೇರೆ ಜಾಗಕ್ಕೆ ಬರುತ್ತದೆ.

ಕಣ್ಣಿನಿಂದ ಹಿಂದಿನ ಗಾಜಿಗೆ ಮೂರೂವರೆ ಇಂಚಿನಷ್ಟು ಅಂತರ ಬೇಕು. ಅದಕ್ಕಿಂತ ಹತ್ತಿರ ಹೋದರೆ ರೈಫಲ್ ಒದ್ದಾಗ ಸ್ಕೋಪಿನ ಅಂಚು ಹುಬ್ಬು ಸೀಳುತ್ತದೆ. ಆ ಫೌಜಿಯವರ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯದ ಗುರುತು ಇನ್ನೂ ಇದೆ.

ಬಿಗಿಯುವಾಗ ಟ್ರ್ಯಾಕ್ಟರ್ ಗಾಲಿಯ ನಟ್ ಬಿಗಿದ ಹಾಗೆ, ಒಂದು ಈ ಕಡೆ, ಒಂದು ಎದುರು ಮೂಲೆ, ಸ್ವಲ್ಪ ಸ್ವಲ್ಪವೇ. ಬಳೆಯ ಸ್ಕ್ರೂಗೆ ಸುಮಾರು 2 ನ್ಯೂಟನ್ ಮೀಟರ್ ಸಾಕು, ಅಂದರೆ ಅಲೆನ್ ಕೀಯ ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ತಿರುಗಿಸುವಷ್ಟು. ಜೋರು ಮಾಡಿದರೆ ಕೊಳವೆ ನೆಗ್ಗುತ್ತದೆ. ಒಳಗಿನ ಕತ್ತರಿಗೆರೆ ನೆಟ್ಟಗಿದೆಯೇ ನೋಡಲು ಗೌಂಡಿಗಳು ಗೋಡೆಗೆ ಇಳಿಬಿಡುವ ದಾರ-ಗುಂಡನ್ನು ದೂರದಲ್ಲಿ ತೂಗುಹಾಕಿ ಹೊಂದಿಸಬೇಕು. ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ದೊಡ್ಡ ರೈಫಲಿನ ಸ್ಕೋಪ್ ಕೂಡ ಅದರ ಮೇಲೆ ಕೆಡಬಹುದು. ಅದಕ್ಕೆ ಏರ್‌ಗನ್ನಿಗೆಂದೇ ಮಾಡಿದ ಸ್ಕೋಪ್, ತಡೆಮೊಳೆ ಇರುವ ಒಂದೇ ತುಂಡಿನ ಮೌಂಟ್ ಬೇಕು.

ಗುರಿ ಕೂಡಿಸುವ ಲೆಕ್ಕ: ಮೇಲಿನ ಬಿರಡೆ ಒಂದು ಟಿಕ್ ತಿರುಗಿದರೆ, 1/4 ಎಂದು ಬರೆದ ಸ್ಕೋಪಿನಲ್ಲಿ, 100 ಗಜದಲ್ಲಿ ಕಾಲು ಇಂಚು ಸರಿಯುತ್ತದೆ. 25 ಗಜದಲ್ಲಿ ಅದೇ ಒಂದು ಇಂಚಿಗೆ 16 ಟಿಕ್ ಬೇಕು. 10 ಮೀಟರಿನಲ್ಲಿ ಒಂದು ಸೆಂಟಿಮೀಟರಿಗೆ ಸುಮಾರು 14. ಇದನ್ನೆಲ್ಲ ಮಾಡುವುದು ಶೂಟಿಂಗ್ ರೇಂಜಿನಲ್ಲಿ, ಹಿಂದೆ ಮಣ್ಣಿನ ಒಡ್ಡು ಇರುವಲ್ಲಿ. ಹೊಲದಲ್ಲಿ ಅಲ್ಲ.

ಇಷ್ಟು ತಿಳಿದ ಮೇಲೂ ನಾವು ಯಾರಿಗೂ ಹೊಲಕ್ಕೆ ಸ್ಕೋಪ್ ಹಾಕಿಸಿ ಎಂದು ಹೇಳಿಲ್ಲ. ಕಾರಣ ಹಂದಿಯಲ್ಲ, ಮನುಷ್ಯರು. ಆ ತಿಂಗಳುಗಳಲ್ಲಿ ನಮ್ಮ ಸೀಮೆಯ ಹೊಲಗಳು ರಾತ್ರಿ ಖಾಲಿ ಇರುವುದಿಲ್ಲ. ಮಂಚಿಕೆಯ ಮೇಲೆ ಒಬ್ಬ, ಬದುವಿನ ಹತ್ತಿರ ಕಂಬಳಿ ಹೊದ್ದು ಇನ್ನೊಬ್ಬ, ಕೋಳಿ ಕೂಗುವ ಮೊದಲೇ ತೊಗರಿ ಕೊಯ್ಯಲು ತಾಂಡಾದಿಂದ ಹೊರಟ ಹೆಣ್ಣುಮಕ್ಕಳು. ತೊಗರಿ ಗಿಡ ಆಳೆತ್ತರ. ಸ್ಕೋಪಿನಲ್ಲಿ ಕಾಣುವುದು ಒಂದು ತಟ್ಟೆಯಷ್ಟು ಜಾಗ. ಅದರಲ್ಲಿ ಕರಿ ಕಂಬಳಿ, ಕರಿ ಹಂದಿ ಎರಡೂ ಒಂದೇ. ದುರ್ಬೀನು ಬಂದೂಕಿಗೆ ಕಟ್ಟಿದ್ದರೆ, ಏನದು ಎಂದು ನೋಡಲು ನಳಿಗೆಯನ್ನೇ ಆ ಕಡೆ ತಿರುಗಿಸಬೇಕು. ನೋಡುವುದೂ ಗುರಿ ಇಡುವುದೂ ಒಂದೇ ಆಗಿಬಿಡುತ್ತದೆ. ಮೇಲಾಗಿ ನಮ್ಮದು ಎರೆಭೂಮಿ ಬಯಲು. ತಪ್ಪಿದ ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಆ ಕಡೆ ಕಲ್ಲಿನ ಖಣಿ ಇರಬಹುದು, ವಾಡಿ ಜಂಕ್ಷನ್ ಕಡೆಯ ರೈಲು ಹಳಿ ಇರಬಹುದು, ಮಲಗಿದ ಊರು ಇರಬಹುದು.

ಕಾನೂನು ಕೂಡ ಗಟ್ಟಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ನಿಷಿದ್ಧ. ಉರುಲು ಹಾಕುವುದು, ಬಲೆ ಒಡ್ಡುವುದೂ ಬೇಟೆಯೇ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು 11ನೇ ಕಲಮಿನ ಕೆಳಗೆ ದಾರಿ ಇದೆ, ಆದರೆ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಅನುಮತಿ ಕೊಡಬೇಕು. ಹಾಗೆ ಹೊಡೆದ ಹಂದಿಯೂ ಸರ್ಕಾರದ ಸ್ವತ್ತು, ಮನೆಗೆ ಒಯ್ಯುವಂತಿಲ್ಲ. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ತಂದಿತು. ಚಿಂಚೋಳಿಯವರಿಗೆ ಇನ್ನೊಂದು ಮಾತು: 2011ರಿಂದ ಅಲ್ಲಿ ವನ್ಯಜೀವಿ ಧಾಮ ಇದೆ. ಧಾಮದಿಂದ 10 ಕಿ.ಮೀ. ಒಳಗೆ ಇರುವ ಬಂದೂಕು ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಎಂದು 34ನೇ ಕಲಮು ಹೇಳುತ್ತದೆ. ಧಾಮದೊಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ, 7 ವರ್ಷದವರೆಗೂ ಜೈಲು.

ಇದನ್ನು ಚಿಂಚೋಳಿ ಕಡೆಯ ಒಬ್ಬ ಕಾಕಾಗೆ ಹೇಳಿದಾಗ ಅವರು, "ನೀವು ಪೇಪರ್‌ನವರು ಕಾನೂನು ಓದಿ ಹೇಳ್ತೀರಿ ತಮ್ಮಾ, ಹಂದಿ ಏನ್ ಓದ್ತದ? ನಾಕ್ ಎಕರೆದಾಗ ಒಂದ್ ಎಕರೆ ಉಳ್ಳಾಡಿ ಹೋಗ್ಯಾವ. ಸೊಸೈಟಿ ಸಾಲ ಹಂದಿ ಕಟ್ತದೇನು?" ಎಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂತು, ನಾವೂ ಹೆಮ್ಮೆಯಿಂದ ಸುದ್ದಿ ಬರೆದೆವು. ಆ ತೊಗರಿಯನ್ನು ಚಳಿಯಲ್ಲಿ ಕಾಯುವುದು ಅರವತ್ತು ದಾಟಿದ ಇಂಥವರೇ. ಅವರ ಸಿಟ್ಟು ನ್ಯಾಯದ್ದು. ಹಂದಿಗೆ ಸಿಡಿಮದ್ದಿನ ಉಂಡೆ ಇಟ್ಟರೆ ದನದ ಬಾಯಿ ಸಿಡಿಯುತ್ತದೆ, ಬೇಲಿಗೆ ಮನೆ ಕರೆಂಟು ಬಿಟ್ಟರೆ ಹೊಲದ ಮಾಲೀಕನೇ ಸಾಯುತ್ತಾನೆ. ಸಿಟ್ಟಿನಲ್ಲಿರುವ ಮನುಷ್ಯ ಇವನ್ನೂ ಮಾಡಿಬಿಡುತ್ತಾನೆ ಎಂಬುದೇ ನಮ್ಮ ಭಯ.

ಕಾಕಾ ಕೊನೆಗೆ ಮಾಡಿದ್ದು ಇಷ್ಟು. ಬಂದೂಕಿನ ದುರ್ಬೀನು ಬಿಟ್ಟು ಕೈಯಲ್ಲಿ ಹಿಡಿಯುವ ಸಾದಾ ದುರ್ಬೀನು, ಒಂದು ಜೋರು ಟಾರ್ಚ್ ತಂದರು. ಪಕ್ಕದ ಮೂವರು ಹೊಲದವರ ಜೊತೆ ಪಾಳಿ ಹಚ್ಚಿದರು. ಹಂದಿಗೆ ಕಣ್ಣು ಮಂದ, ಮೂಗು ಬಲು ಚುರುಕು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ ಕೂತು, ಹಿಂಡು ಬದುವಿಗೆ ಬಂದಾಗಲೇ ಡಬ್ಬಿ ಬಾರಿಸಿದರು. ಅಂಚಿನ ಸಾಲುಗಳು ಆ ವರ್ಷವೂ ಹೋದವು, ನಡುವಿನ ಹೊಲ ಉಳಿಯಿತು. ಹೋದದ್ದರ ಫೋಟೋ ತೆಗೆದು, ಪಹಣಿ ಹಚ್ಚಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಟ್ಟರು. ನೀವೂ ಕೊಡಿ. ಹಾನಿಯಾದ ದಿನವೇ ಫೋಟೋ ತೆಗೆಯಿರಿ, ಹಂದಿಯ ಹೆಜ್ಜೆ ಕಾಣುವಂತೆ. ಹತ್ತು ಜನ ಸೇರಿ ಕೊಟ್ಟ ಅರ್ಜಿಗೆ ತೂಕ ಹೆಚ್ಚು. 11ನೇ ಕಲಮಿನ ಅನುಮತಿ ಕೇಳಲೂ ಆ ದಾಖಲೆಯೇ ಬೇಕಾಗುತ್ತದೆ.

ಗುರಿ ಇಡುವ ಹುಚ್ಚಿರುವ ಹುಡುಗರಿಗೆ ಬೇರೆ ದಾರಿ ಇದೆ. ಎನ್‌ಸಿಸಿಗೆ ಸೇರಿ, ತರಬೇತಿ ಕೇಂದ್ರ ಹುಡುಕಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಸ್ಕೋಪೇ ಇಲ್ಲ. ಬರೀ ತೂತಿನ ಗುರಿಯಿಂದ ಅರ್ಧ ಮಿ.ಮೀ. ಚುಕ್ಕೆಗೆ ಹೊಡೆಯಬೇಕು. 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಕೆಲಸದಲ್ಲಿದ್ದವರು. ನಮ್ಮ ವಾಡಿ ಹುಡುಗರಿಗೆ ಅದು ದೂರದ ಮಾತೇನಲ್ಲ.

ಈ ಸಲ ಹೊಲ ಕಾಯಲು ಹೋಗುವವರು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಯಾವ ಮೂಲೆಯಲ್ಲಿ ಮಲಗುತ್ತೀರಿ ಎಂದು ಅಕ್ಕಪಕ್ಕದ ಹೊಲದವರಿಗೆ ಹೇಳಿ ಹೋಗಿ, ಅವರನ್ನೂ ಕೇಳಿಕೊಳ್ಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.