ತಂಬೂರಿಗೊಂದು ಬೋರ್ಡು

"ಜೀವಾಳ ಕೂರ್ತಾ ಇಲ್ಲ ಕಣೋ" ಎಂದು ಅಮ್ಮ ಮೊದಲ ಸಲ ಹೇಳಿದಾಗ ದಾರ ಹಳತಾಗಿರಬೇಕು ಅಂದುಕೊಂಡು ಹೊಸದು ತಂದುಕೊಟ್ಟೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಸಿಗಿಸುವ ಆ ನೂಲಿನೆಳೆಯನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ಅರಳಿಕೊಳ್ಳುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಅಮ್ಮ ಆ ಜಾಗವನ್ನು ಮಾತಾಡುತ್ತಲೇ ಹುಡುಕಿಬಿಡುತ್ತಿದ್ದಳು. ಆ ದಿನ ಹತ್ತು ನಿಮಿಷವಾದರೂ ಸಿಗಲಿಲ್ಲ. ನಡುವೆ ಎರಡು ಸಲ ಅದು ಅರಳಿದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಅವಳ ಬೆರಳು ಅದನ್ನು ದಾಟಿಕೊಂಡು ಹೋಯಿತು. ನಾನು ತಲೆಯೆತ್ತಿದ್ದನ್ನು ಅವಳು ನೋಡಿದಳು. ಇಬ್ಬರೂ ಏನೂ ಹೇಳಲಿಲ್ಲ.

ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಎತ್ತರದ ಕಂಪನಗಳನ್ನು. ಅಮ್ಮನದು ಐದು ಮನೆ ಶ್ರುತಿ. ಎಂದರೆ ಷಡ್ಜ 196 ಹರ್ಟ್ಸ್, ಪಂಚಮದ ತಂತಿ 147, ಮಂದ್ರ 98. ಇವೆಲ್ಲ ಅವಳಿಗೆ ಚೆನ್ನಾಗಿಯೇ ಕೇಳುತ್ತವೆ. ಆದರೆ ಜೀವಾಳದ ಕೆಲಸ ನಡೆಯುವುದು ಅದಕ್ಕೆ ಹತ್ತು, ಇಪ್ಪತ್ತು ಪಟ್ಟು ಮೇಲಿನ ಹಾರ್ಮೋನಿಕ್‌ಗಳಲ್ಲಿ. ಸಿ.ವಿ. ರಾಮನ್ 1921ರಲ್ಲೇ ತಂಬೂರಿ ಮತ್ತು ವೀಣೆಯ ಕುದುರೆಯ ಬಗ್ಗೆ ಬರೆದಿದ್ದಾರೆ. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ ಆ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಹಾರ್ಮೋನಿಕ್‌ಗಳು ಹುಟ್ಟಲೇಬಾರದು ಎನ್ನುವುದು ಶಾಸ್ತ್ರ. ನಮ್ಮ ಚಪ್ಪಟೆ ಕುದುರೆಯ ವಾದ್ಯಗಳಲ್ಲಿ ಅವೂ ಹುಟ್ಟುತ್ತವೆ. ಕೇಳಿಸದ್ದನ್ನು ತೋರಿಸಬಹುದಲ್ಲ ಅನ್ನಿಸಿತು. ಒಂದೊಂದು ಹಾರ್ಮೋನಿಕ್‌ಗೆ ಒಂದೊಂದು ದೀಪ, ಒಟ್ಟು ಹದಿನಾರು.

ಕಾಲೇಜಿನ ದಿನಗಳ ಆರ್ಡುಯಿನೊ ಯುನೋ ಮೇಜಿನ ಖಾನೆಯಲ್ಲಿತ್ತು. ನಾವೆಲ್ಲ ದೀಪ ಮಿನುಗಿಸುವುದನ್ನು ಕಲಿತದ್ದು ಅದರಲ್ಲೇ. ಅದರ ವೇಗ 16 ಮೆಗಾಹರ್ಟ್ಸ್, ಕೆಲಸದ ನೆನಪು 2 ಕಿಲೋಬೈಟ್. ಧ್ವನಿಯ 1024 ಮಾದರಿಗಳನ್ನು ಎರಡೆರಡು ಬೈಟಿನಂತೆ ಇಟ್ಟರೆ ಆ 2 ಕಿಲೋಬೈಟೂ ಭರ್ತಿ; ಲೆಕ್ಕ ಮಾಡಲು ಕೂರುವುದಕ್ಕೂ ಜಾಗವಿಲ್ಲ. ಸಾಮಾನ್ಯ ರೀತಿಯಲ್ಲಿ ಓದಿಸಿದರೆ ಸೆಕೆಂಡಿಗೆ ಹತ್ತು ಸಾವಿರದಷ್ಟು ಮಾದರಿಯೂ ಸಿಗುವುದಿಲ್ಲ. ಎರಡು ರಾತ್ರಿ ಗುದ್ದಾಡಿ ಕೈಬಿಟ್ಟೆ.

ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಹುಡುಗ ಕೇಳಿದ: "ಏನ್ ಪ್ರಾಜೆಕ್ಟ್ ಸರ್?"

"ತಂಬೂರಿ ಶ್ರುತಿ ನೋಡೋದಕ್ಕೆ."

"ಅದಕ್ಕೆ ಮೊಬೈಲಲ್ಲಿ ಆ್ಯಪ್ ಇದ್ಯಲ್ಲ ಸರ್!"

ಇದೆ. ಆದರೆ ಅದು ಹೇಳುವುದು ಸ್ವರ ಮೇಲಿದೆಯೋ ಕೆಳಗಿದೆಯೋ ಎಂದು. ಅಷ್ಟು ಅಮ್ಮನಿಗೆ ಈಗಲೂ ಗೊತ್ತಾಗುತ್ತದೆ. ಹುಡುಗನಿಗೆ ಇದನ್ನೆಲ್ಲ ವಿವರಿಸುವ ಧೈರ್ಯ ಬರದೆ ಇಎಸ್‌ಪಿ32 ಕೊಂಡುಕೊಂಡು ಬಂದೆ. ಎರಡು ಕೋರ್, 240 ಮೆಗಾಹರ್ಟ್ಸ್, ವೈಫೈ ಕೂಡ ಇದೆ. ತಂಬೂರಿಗೆ ವೈಫೈ ಯಾಕೆ? ಮೈಕಿನ ಸಣ್ಣ ಸದ್ದನ್ನು ಅದರದೇ ಎಡಿಸಿಗೆ ಕೊಟ್ಟರೆ ಓದು ಸ್ವಚ್ಛವಾಗಿ ಬರಲಿಲ್ಲ. ಯಾರೂ ಮೀಟದಿದ್ದರೂ ಎರಡು ದೀಪ ಉರಿಯುತ್ತಿದ್ದವು.

ಆಮೇಲೆ ಕಾಗದ ಹಿಡಿದು ಕೂತೆ. ಮೊದಲೇ ಮಾಡಬೇಕಿತ್ತು. ಮೀಟಿದ ಮೇಲೆ ಹಾರ್ಮೋನಿಕ್‌ಗಳು ಸುಮ್ಮನೆ ನಿಲ್ಲುವುದಿಲ್ಲ, ಕ್ಷಣಕ್ಷಣಕ್ಕೂ ಒಂದರಿಂದೊಂದಕ್ಕೆ ಬಲ ಸರಿಯುತ್ತಿರುತ್ತದೆ. ಆ ಚಲನೆ ಕಾಣಬೇಕಾದರೆ ಧ್ವನಿಯನ್ನು ಚಿಕ್ಕ ಚಿಕ್ಕ ತುಣುಕಾಗಿ ನೋಡಬೇಕು. ಸೆಕೆಂಡಿಗೆ 44,100 ಮಾದರಿಯಂತೆ 1024 ಮಾದರಿ ಎಂದರೆ 23 ಮಿಲಿಸೆಕೆಂಡು. ಅಷ್ಟು ಚಿಕ್ಕ ತುಣುಕಿನಲ್ಲಿ ಸುಮಾರು 43 ಹರ್ಟ್ಸ್‌ಗಿಂತ ಹತ್ತಿರದ ಎರಡು ಕಂಪನಗಳನ್ನು ಬೇರ್ಪಡಿಸಲಾಗದು. ಹಾರ್ಮೋನಿಕ್‌ಗಳ ನಡುವೆ 196ರ ಅಂತರವಿದೆ, ಹಾಗಾಗಿ ದೀಪಕ್ಕೆ ಇದು ಸಾಕು. ಆದರೆ ಸಾರಣೆ, ಅನುಸಾರಣೆ ಎರಡೂ ಒಂದೇ ಷಡ್ಜ. ಒಂದು 196, ಇನ್ನೊಂದು 196.5 ಇದ್ದರೂ ನಾದ ತೂಗಾಡುತ್ತದೆ. ಅರ್ಧ ಹರ್ಟ್ಸ್ ತಿಳಿಯಬೇಕಾದರೆ ಎರಡು ಸೆಕೆಂಡು ಕಾಯಲೇಬೇಕು. ಎಷ್ಟೇ ವೇಗದ ಚಿಪ್ ತಂದರೂ ಆ ಎರಡು ಸೆಕೆಂಡು ಕಡಿಮೆಯಾಗುವುದಿಲ್ಲ. ಇದು ನನಗೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಸೂತ್ರ. ಅದು ಅಮ್ಮ ಕಣ್ಣು ಮುಚ್ಚಿ ಎರಡು ತಂತಿ ಮೀಟಿ ಸುಮ್ಮನೆ ಕೂರುವುದರ ವಿವರಣೆ ಎಂದು ಹೊಳೆದದ್ದು ಆಗಲೇ.

ಎರಡೂ ಲೆಕ್ಕ ಏಕಕಾಲಕ್ಕೆ ನಡೆಯಬೇಕು. ಹಾಗಾಗಿ ದೊಡ್ಡ ಬೋರ್ಡೇ ಬೇಕಾಯಿತು. ಉಳಿದದ್ದು ಎರಡು: 480 ಮೆಗಾಹರ್ಟ್ಸ್‌ನ ಎಸ್‌ಟಿಎಂ32 ನ್ಯೂಕ್ಲಿಯೋ ಎಚ್743, 600 ಮೆಗಾಹರ್ಟ್ಸ್‌ನ ಟೀನ್ಸಿ 4.1. ಎರಡರಲ್ಲೂ ಕಾರ್ಟೆಕ್ಸ್ ಎಂ7 ಕೋರ್, ಎರಡಕ್ಕೂ 1 ಮೆಗಾಬೈಟ್ ನೆನಪು. ಎರಡು ಸೆಕೆಂಡಿನ ಧ್ವನಿ ಹಿಡಿಸಲು 1,76,400 ಬೈಟ್ ಸಾಕು. ತಪ್ಪು ಹುಡುಕುವ ಡೀಬಗರ್ ನ್ಯೂಕ್ಲಿಯೋದಲ್ಲೇ ಕೂತಿದೆ. ಉದ್ಯೋಗಕ್ಕಾಗಿ ಕಲಿಯುವ ಹುಡುಗರಿಗೆ ನಾನು ಅದನ್ನೇ ಹೇಳುತ್ತೇನೆ. ನನಗೆ ಮಾತ್ರ ಟೀನ್ಸಿಯ ಆಡಿಯೋ ಲೈಬ್ರರಿ ಬೇಕಿತ್ತು. 1024 ಮಾದರಿಗಳ ವಿಶ್ಲೇಷಣೆ ಅದರಲ್ಲಿ ಸಿದ್ಧವಾಗಿಯೇ ಇದೆ, ಧ್ವನಿ ಓದಲು ಪ್ರತ್ಯೇಕ ಆಡಿಯೋ ಬೋರ್ಡೂ ಸಿಗುತ್ತದೆ. ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ಸಣ್ಣದು.

ಮೊದಲನೆಯದನ್ನು ನಾನೇ ಕೊಂದೆ. ಟೀನ್ಸಿ 4.1ರ ಪಿನ್ನುಗಳು 3.3 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ. ಯುನೋ ಕಾಲದ ಅಭ್ಯಾಸದಲ್ಲಿ 5 ವೋಲ್ಟಿನ ತಂತಿ ತಾಗಿಸಿದೆ. ಹೊಗೆಯಿಲ್ಲ, ವಾಸನೆಯಿಲ್ಲ, ಸುಮ್ಮನಾಯಿತು. ಎರಡನೆಯದನ್ನು ತರಿಸಿದ್ದನ್ನು ಮನೆಯಲ್ಲಿ ಹೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ದೀಪದ ಸಾಲನ್ನು ತಂಬೂರಿಯ ಎದುರಿಗಿಟ್ಟೆ. ಅಮ್ಮ ಸಾರಣೆ ಮೀಟಿದಳು. ಮೊದಲ ನಾಲ್ಕು ದೀಪ ಹೊತ್ತಿದವು, ಮೇಲಿನವು ಕತ್ತಲು. ದಾರ ಸರಿಸಿದಳು, ಮತ್ತೆ ಮೀಟಿದಳು. ಆರು. ಇನ್ನೊಂದು ಚೂರು. ಹದಿನಾಲ್ಕರ ತನಕ ಹೊತ್ತಿಕೊಂಡು ದೀಪಗಳು ಸಾಲಿನ ಮೇಲೆ ಅಲೆಯಾಡತೊಡಗಿದವು. ಅವಳು ನನ್ನ ಮುಖ ನೋಡಿದಳು.

"ಬಂತಾ?"

"ಬಂತು."

ಅಂಗೈಯನ್ನು ಬುರುಡೆಯ ಮೇಲಿಟ್ಟು ನಾದ ಪೂರ್ತಿ ಆರುವವರೆಗೆ ಹಾಗೇ ಕೂತಳು. ಆಮೇಲೆ ಉಳಿದ ಮೂರು ತಂತಿಗೂ ಜೀವಾಳ ಕೂರಿಸಿದಳು. ಮಕ್ಕಳು ಪಾಠಕ್ಕೆ ಬರುವ ಹೊತ್ತಾಗಿತ್ತು.

"ಇದಕ್ಕೊಂದು ಸ್ವಿಚ್ಚು ಹಾಕ್ಕೊಡು. ಹಾಡೋಕೆ ಶುರು ಮಾಡಿದ್ಮೇಲೆ ಮಕ್ಕಳು ಇದನ್ನೇ ನೋಡ್ತಾ ಕೂರ್ತಾರೆ" ಎಂದಳು.

ಬೋರ್ಡಿನಲ್ಲಿ ಪಿನ್ನುಗಳು ಬೇಕಾದಷ್ಟು ಖಾಲಿಯಿದ್ದವು. ಮನೆಯಲ್ಲಿ ಸ್ವಿಚ್ಚು ಇರಲಿಲ್ಲ. ಆ ದಿನಕ್ಕೆ ದೀಪದ ಮೇಲೆ ಒಂದು ಟವೆಲ್ ಹೊದಿಸಿದೆ.