ಬೋ ಕಾರ್ಖಾನೆಯ ವೇಷಧಾರಿಗಳು

ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ನಿಲ್ದಾಣದಲ್ಲಿ ಇಳಿದು ಸುರಂಗದಲ್ಲೇ ನಡೆದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಿಗುತ್ತದೆ. ಪ್ರವೇಶ ಉಚಿತ. ಜನವೆಲ್ಲ ಕೆಳಗಿನ ಅಂತಸ್ತುಗಳಲ್ಲೇ ಕರಗಿಹೋಗುವುದರಿಂದ ಮೇಲ್ಮಹಡಿಯ ಪಿಂಗಾಣಿ ಕಪಾಟುಗಳ ನಡುವೆ ಆರಾಮಾಗಿ ಸುತ್ತಬಹುದು. ನಾನು ಹತ್ತಿದ್ದು ನಾಟಕದವರನ್ನು ಹುಡುಕಿಕೊಂಡು.

ಸಿಕ್ಕಳು ಕಿಟ್ಟಿ ಕ್ಲೈವ್! ಗೇಣುದ್ದದ ಬೆಳ್ಳನೆಯ ಪಿಂಗಾಣಿ ಹೆಂಗಸು. ಕಂಕುಳಲ್ಲಿ ಪುಟ್ಟ ನಾಯಿ, ಸೊಂಟದ ಎರಡೂ ಬದಿಗೆ ಚಾಚಿಕೊಂಡ ಲಂಗ. ಡೇವಿಡ್ ಗ್ಯಾರಿಕ್‌ನ ‘ಲೀಥಿ’ ಪ್ರಹಸನದಲ್ಲಿ ಆಕೆ ಮಿಸೆಸ್ ರಯಟ್. ಅದೇ ನಾಟಕದಲ್ಲಿ ಶೋಕಿಲಾಲನ ಪಾತ್ರ ಮಾಡಿದ ನಟ ಹೆನ್ರಿ ವುಡ್‌ವರ್ಡ್ ಅವಳ ಜೋಡಿ. 1750ರ ಹೊತ್ತಿಗೆ ಇವರನ್ನು ಮಾಡಿದ್ದು ಪೂರ್ವ ಲಂಡನ್ನಿನ ಬೋ ಕಾರ್ಖಾನೆ. ಚೀನಾದ ಪಿಂಗಾಣಿಗೆ ಸಡ್ಡು ಹೊಡೆಯಲು ಹೊರಟ ಆ ಜನ ಜಾನುವಾರುಗಳ ಮೂಳೆ ಸುಟ್ಟ ಬೂದಿಯನ್ನು ಮಣ್ಣಿಗೆ ಬೆರೆಸಿದರು. ಚೀನಾದ ಬಂದರಿನ ಹೆಸರು ಹಿಡಿದು, ಮಸಿಕುಡಿಕೆಗಳ ಮೇಲೆ ‘ಹೊಸ ಕ್ಯಾಂಟನ್’ನಲ್ಲಿ ತಯಾರಾದದ್ದು ಎಂದೇ ಬರೆದರು!

ಪೇಟ, ನಿಲುವಂಗಿ, ಸೊಂಟಪಟ್ಟಿಯ ತುರ್ಕರದು ಇನ್ನೊಂದು ಸಂಸಾರ. ಆಗ ಲಂಡನ್ನಿನ ರಂಗಮಂಚದಲ್ಲೂ ಮುಖವಾಡದ ಕೂಟಗಳಲ್ಲೂ ತುರ್ಕಿ ವೇಷದ ಹುಚ್ಚು. ಆದರೆ ಈ ಪೇಟ ನಡೆದುಬಂದ ದಾರಿ ಕೇಳಿ. ಇಸ್ತಾಂಬುಲಿನಲ್ಲಿ ನೆಲೆಸಿದ್ದ ವಾನ್‌ಮೂರ್ ಎಂಬ ಕಲಾವಿದ ಫ್ರೆಂಚ್ ರಾಯಭಾರಿಗಾಗಿ ಅಲ್ಲಿನ ಜನರ ಉಡುಪುಗಳನ್ನು ಚಿತ್ರಿಸಿದ. ಅವು 1714ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದವು. ಜರ್ಮನಿಯ ಮೈಸೆನ್ ಪಿಂಗಾಣಿ ಕಾರ್ಖಾನೆಯವರು ಆ ಅಚ್ಚುಗಳನ್ನು ನೋಡಿ ಗೊಂಬೆ ಮಾಡಿದರು. ಮೈಸೆನ್ ಗೊಂಬೆ ನೋಡಿ ಇಂಗ್ಲಿಷರು ಮಾಡಿದರು. ತುರ್ಕಿಯನ್ನು ಕಾಣದೆಯೇ ತುರ್ಕ ಸಿದ್ಧ!

ಅದಕ್ಕಿಂತ ಸೋಜಿಗ ಕಿಟ್ಟಿಯದು. ಆಕೆ ಡ್ರೂರಿ ಲೇನ್ ರಂಗಮಂದಿರದ ನಟಿ, ಊರಿನವಳೇ. ಆದರೂ ಅವಳ ಗೊಂಬೆಗೆ ಆಧಾರ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಒಂದು ಅಚ್ಚುಚಿತ್ರ. ಕುಶಲಕರ್ಮಿಯ ಮೇಜಿನ ಮೇಲೆ ಪಕ್ಕದ ಬೀದಿಯ ನಟಿಯೂ ದೂರದ ಇಸ್ತಾಂಬುಲಿನವನೂ ಒಂದೇ ದೂರದವರು: ಒಂದು ಹಾಳೆಯಷ್ಟು.

ಹೋದವರು ಮುಂದಿನಿಂದ ನೋಡಿ ತೃಪ್ತರಾಗಬೇಡಿ, ಸಾಧ್ಯವಾದಲ್ಲಿ ಪಕ್ಕದಿಂದಲೂ ಇಣುಕಿ. ಎಷ್ಟೋ ಗೊಂಬೆಗಳ ಕಾಲ ಹಿಂದೆ ಒಂದು ಮರದ ಮೋಟು ಇರುತ್ತದೆ. ಅಲಂಕಾರವೆಂದುಕೊಂಡಿದ್ದೆ, ಗೂಡಿನ ಬೆಂಕಿಯಲ್ಲಿ ಮೆತ್ತಗಾಗುವ ಮಣ್ಣು ಕುಸಿಯದಂತೆ ಅದು ಊರುಗೋಲು. ಬೋ ಕಾರ್ಖಾನೆಯ ನಂತರದ ಕೆಲವು ಗೊಂಬೆಗಳ ಬೆನ್ನಲ್ಲಿ ಚೌಕದ ತೂತೂ ಉಂಟು, ಮೇಣದಬತ್ತಿಯ ಲೋಹದ ಕೊಂಬೆ ಸಿಕ್ಕಿಸಲು. ಮುಂದೆ ವೇಷ, ಹಿಂದೆ ಕಸುಬು. ಬೆರಗು ಹೆಚ್ಚಿದ್ದು ನನಗೆ ಹಿಂದಣದ್ದರಿಂದಲೇ.