ಚಿಟ್ಟೆಯಾಗದ ಹುಳುವಿನ ಕಥೆ

ಕಳೆದ ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ಬಂದ ಬಂಧುಗಳೊಬ್ಬರು ನಮ್ಮ ಏಳು ವರ್ಷದ ಮಗಳಿಗೆ ಒಂದು ಚಿತ್ರಪುಸ್ತಕವನ್ನು ಉಡುಗೊರೆಯಾಗಿ ಕೊಟ್ಟರು. ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ರಚಿಸಿದ, ಹಸಿದ ಕಂಬಳಿಹುಳುವಿನ ಕಥೆಯದು. ಹುಳು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಗೂಡು ಕಟ್ಟಿಕೊಳ್ಳುತ್ತದೆ, ಕೊನೆಗೆ ಬಣ್ಣದ ಚಿಟ್ಟೆಯಾಗಿ ಹೊರಬರುತ್ತದೆ. ಮಗಳು ಅದನ್ನು ಮೂರು ಸಲ ಓದಿಸಿಕೊಂಡಳು. ನಾಲ್ಕನೆಯ ಸಲ ಕೊನೆಯ ಪುಟದ ಮೇಲೆ ಕೈಯಿಟ್ಟು ಕೇಳಿದಳು: “ಅಬ್ಬಾ, ನಮ್ಮ ಮನೆಯ ಹುಳು ಯಾಕೆ ಚಿಟ್ಟೆಯಾಗುವುದಿಲ್ಲ?”

ನಾವು ಶಿಡ್ಲಘಟ್ಟದವರು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರು. ನಮ್ಮ ಮನೆಯ ಹಿಂದೆಯೇ ನೂಲು ತೆಗೆಯುವ ಚರಕಗಳಿವೆ. ಸುತ್ತಲಿನ ಹಳ್ಳಿಗಳ ರೈತರು ಹಿಪ್ಪುನೇರಳೆ ಸೊಪ್ಪು ಹಾಕಿ ಹುಳು ಸಾಕುತ್ತಾರೆ. ಹುಳು ನಾಲ್ಕು ಬಾರಿ ಜ್ವರಕ್ಕೆ ಕೂತು ಪೊರೆ ಕಳಚುತ್ತದೆ, ಹಣ್ಣಾಗುತ್ತದೆ, ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತದೆ. ಆ ಗೂಡು ಮಾರುಕಟ್ಟೆಯ ಹರಾಜಿನಿಂದ ನಮ್ಮ ಮನೆಗೆ ಬರುತ್ತದೆ. ಚಿಟ್ಟೆ ಹೊರಬರುವ ಮೊದಲೇ ಬಿಸಿನೀರಿಗೆ ಬೀಳುತ್ತದೆ. ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಬಂದರೆ ನೂರಾರು ಮೀಟರ್ ಉದ್ದದ ಆ ಒಂದೇ ಎಳೆ ತುಂಡಾಗಿ ಹೋಗುತ್ತದೆ. ಬಿತ್ತನೆಗೆಂದು ಉಳಿಸಿದ ಗೂಡುಗಳಿಂದ ಮಾತ್ರ ಚಿಟ್ಟೆ ಬರುತ್ತದೆ. ಅದಕ್ಕೂ ಹಾರಲು ಬಾರದು, ಉಣ್ಣಲು ಬಾರದು. ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಇದನ್ನೆಲ್ಲ ಏಳು ವರ್ಷದ ಮಗುವಿಗೆ ಹೇಗೆ ಹೇಳುವುದು? “ನಾಳೆ ಹೇಳುತ್ತೇವೆ” ಎಂದು ಪುಸ್ತಕವನ್ನು ಮುಚ್ಚಿದೆವು.

ಓದುಗರೇ, ಇಂದು ನಮ್ಮ ಮಕ್ಕಳ ಕೈಗೆ ಬರುತ್ತಿರುವ ಕಥೆಗಳಲ್ಲಿ ಬಹುಪಾಲು ಈ ಬಗೆಯವೇ ಆಗಿವೆ. 1843ರಲ್ಲಿ ಡೆನ್ಮಾರ್ಕಿನ ಆಂಡರ್ಸನ್ ಬರೆದ ಕುರೂಪಿ ಬಾತುಮರಿಯ ಕಥೆಯಿಂದ ಹಿಡಿದು ಮೊನ್ನೆ ಮೊನ್ನೆ ಬಂದ ಕಾರ್ಟೂನ್ ಚಿತ್ರಗಳವರೆಗೆ ಒಂದೇ ಸಂದೇಶ: ನೀನು ನೀನಾಗಿರು, ನಿನ್ನೊಳಗೆ ಹಂಸವೊಂದು ಅಡಗಿದೆ, ಒಂದು ದಿನ ಅದು ಬೆಳಕಿಗೆ ಬರುತ್ತದೆ. ಈ ಮಾತಿನಲ್ಲಿ ಒಳಿತಿಲ್ಲವೆಂದು ನಾವು ಹೇಳಲಾರೆವು. ಹೀಯಾಳಿಕೆಗೆ ಒಳಗಾದ ಮಗುವಿಗೆ ಅದು ದೊಡ್ಡ ಸಾಂತ್ವನ. ಆದರೆ ಬಾತುಮರಿ ಹಂಸವಾಗದೆ ಬಾತುಕೋಳಿಯಾಗಿಯೇ ಉಳಿದಿದ್ದರೆ ಅದಕ್ಕೆ ಗೌರವ ಸಲ್ಲುತ್ತಿರಲಿಲ್ಲವೇ? ಈ ಪ್ರಶ್ನೆಗೆ ಆ ಕಥೆಗಳಲ್ಲಿ ಉತ್ತರವಿಲ್ಲ. ನಮಗೆ ಆ ಉತ್ತರ ಅತ್ಯಗತ್ಯವಾದದ್ದು ನಮ್ಮ ಮಗನ ದೆಸೆಯಿಂದ.

ಮಗ ಆಗ ಎಂಟನೆಯ ತರಗತಿಯಲ್ಲಿದ್ದ. ಪೋಷಕರ ಸಭೆಗೆ ಹೋದಾಗ ಅವನ ಉಪಾಧ್ಯಾಯಿನಿಯೊಬ್ಬರು ನಗುನಗುತ್ತಾ, “ನಿಮ್ಮ ಬೆಂಗಳೂರಿನ ಅಂಗಡಿಯಲ್ಲಿ ನಮಗೂ ಒಂದು ಸೀರೆಯನ್ನು ಕಡಿಮೆ ಬೆಲೆಗೆ ಕೊಡಿಸಿ” ಎಂದರು. ನಮಗೆ ಬೆಂಗಳೂರಿನಲ್ಲಿ ಅಂಗಡಿಯಿಲ್ಲ. ನಮ್ಮ ನೂಲು ಯಾವ ಸೀರೆಯಾಗುತ್ತದೆ, ಯಾರ ಮೈಮೇಲೆ ಹೋಗುತ್ತದೆ ಎಂಬುದೂ ನಮಗೆ ತಿಳಿಯದು. ತಂದೆಯ ಉದ್ಯೋಗದ ಕುರಿತು ಬರೆಯಲು ಹೇಳಿದ್ದ ಪ್ರಬಂಧದಲ್ಲಿ ಮಗನು ಒಂದು ಅಂಗಡಿಯನ್ನೇ ಕಟ್ಟಿ, ಅದಕ್ಕೆ ಗಾಜಿನ ಬಾಗಿಲನ್ನೂ ಇಟ್ಟಿದ್ದ.

ಮನೆಗೆ ಬಂದು ಗದರಿದೆವು. ಅವನು ಬಹಳ ಹೊತ್ತು ತಲೆಯೆತ್ತಲಿಲ್ಲ. ಕೊನೆಗೆ, ತಾನು ಹತ್ತಿರ ಕೂತರೆ ಬೆಂದ ಹುಳುವಿನ ವಾಸನೆಯೆಂದು ಸಹಪಾಠಿಗಳು ಮೂಗು ಮುಚ್ಚಿಕೊಳ್ಳುತ್ತಾರೆ ಎಂದ. ನಮ್ಮ ಗದರಿಕೆ ಅಲ್ಲಿಗೇ ನಿಂತಿತು. ಆ ವಾಸನೆ ನಮಗೆ ಗೊತ್ತು. ಅದು ಗೋಡೆಗೂ ಹತ್ತುತ್ತದೆ, ಒಗೆದ ಬಟ್ಟೆಗೂ ಹತ್ತುತ್ತದೆ.

ಅಂದು ರಾತ್ರಿ ಮಲಗಿಸುವಾಗ ಅವನಿಗೂ ತಂಗಿಗೂ ನೀಲಿ ನರಿಯ ಕಥೆಯನ್ನು ಹೇಳಿದೆವು. ಪಂಚತಂತ್ರದಿಂದ ಬಂದ ಈ ಕಥೆಯನ್ನು ಕೇಳದ ಮಕ್ಕಳು ನಮ್ಮ ಸೀಮೆಯಲ್ಲಿ ವಿರಳ. ಬಣ್ಣದ ತೊಟ್ಟಿಗೆ ಬಿದ್ದ ನರಿ ಕಾಡಿಗೆ ರಾಜನಾಗುತ್ತದೆ. ತನ್ನವರನ್ನೇ ದೂರ ಅಟ್ಟುತ್ತದೆ. ಒಂದು ರಾತ್ರಿ ಬಳಗದವರ ಊಳು ಕೇಳಿ ತಾನೂ ಊಳಿಟ್ಟು ಸಿಕ್ಕಿಬೀಳುತ್ತದೆ. ಮೌಲಾನಾ ರೂಮಿಯವರ ಮಸ್ನವಿಯಲ್ಲಿಯೂ ಬಣ್ಣದ ತೊಟ್ಟಿಗೆ ಬಿದ್ದ ನರಿಯೊಂದಿದೆ. ಅದು ತಾನು ನವಿಲೆಂದು ಹೇಳಿಕೊಳ್ಳುತ್ತದೆ. ನವಿಲಿನಂತೆ ಕೂಗಬಲ್ಲೆಯಾ ಎಂದು ಉಳಿದ ನರಿಗಳು ಕೇಳಿದಾಗ ಅದು ಇಲ್ಲವೆನ್ನಬೇಕಾಗುತ್ತದೆ. ಕಥೆಯ ನೀತಿ ಸ್ಪಷ್ಟವಾಗಿದೆಯೆಂದು ನಾವು ಭಾವಿಸಿದ್ದೆವು. ಮಗ ಹೇಳಿದ: “ಅಬ್ಬಾ, ನರಿ ನರಿಯಾಗಿಯೇ ಹೋಗಿದ್ದರೆ ಆ ಪ್ರಾಣಿಗಳು ಅದನ್ನು ಹತ್ತಿರ ಸೇರಿಸುತ್ತಿದ್ದವೇ?”

ಇದಕ್ಕೂ “ನಾಳೆ ಹೇಳುತ್ತೇವೆ” ಎನ್ನಲು ನಾಲಿಗೆ ಬರಲಿಲ್ಲ. ಒಂದು ಹದೀಸ್ ನೆನಪಾಯಿತು. ತಾಯಿಯೊಬ್ಬಳು ಮಗುವನ್ನು ಏನೋ ಕೊಡುವೆನೆಂದು ಕರೆದಾಗ ಪ್ರವಾದಿ(ಸ)ಯವರು, ನೀನು ನಿಜವಾಗಿ ಏನು ಕೊಡಬೇಕೆಂದಿದ್ದೆ ಎಂದು ವಿಚಾರಿಸಿದರು. ಖರ್ಜೂರವೆಂದು ಅವಳು ಹೇಳಿದಳು. ಏನೂ ಕೊಡದಿದ್ದರೆ ನಿನ್ನ ಹೆಸರಿಗೆ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಅವರು ಎಚ್ಚರಿಸಿದರು. ಮಗುವಿಗೆ ಹೇಳುವ ಸಣ್ಣ ಮಾತೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಲೆಕ್ಕವನ್ನು ನಾವೇ ತೆಗೆದು ನೋಡಿಕೊಂಡೆವು. ತಂಗಿಯ ಮದುವೆಯ ಮಾತುಕತೆಯಲ್ಲಿ ನಮ್ಮನ್ನು ನಾವು ಪರಿಚಯಿಸಿಕೊಂಡದ್ದು “ಸಿಲ್ಕ್ ಬಿಸಿನೆಸ್” ಎಂದು. ಹೊಸ ಬೀಗರು ಬಂದ ದಿನ ಚರಕ ನಿಲ್ಲಿಸಿ, ಹಿತ್ತಲ ಬಾಗಿಲು ಮುಚ್ಚಿ, ಅಗರಬತ್ತಿ ಹಚ್ಚಿದ್ದೆವು. ಮಗ ಇದನ್ನೆಲ್ಲ ನೋಡಿದ್ದ. ಅವನ ಗಾಜಿನ ಬಾಗಿಲಿಗೆ ಚೌಕಟ್ಟು ನಮ್ಮ ಮನೆಯಲ್ಲಿಯೇ ತಯಾರಾಗಿತ್ತು.

ಆ ತಿಂಗಳ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಗೌರಿಬಿದನೂರಿನ ನಾನಿಯ ಮನೆಗೆ ಹೋದೆವು. ಅಲ್ಲಿಂದ ಸಮೀಪದ ವಿದುರಾಶ್ವತ್ಥಕ್ಕೆ. ಹಿಂದೂ ಬಾಂಧವರಿಗೆ ಅದು ಅಶ್ವತ್ಥಮರದ ಕ್ಷೇತ್ರ. ಮರವನ್ನು ನೆಟ್ಟವನು ಮಹಾಭಾರತದ ವಿದುರನೆಂಬುದು ಸ್ಥಳದ ಐತಿಹ್ಯ. ಆ ಹಳೆಯ ಮರ ಈಗಿಲ್ಲ. ಹರಕೆಯ ನಾಗರಕಲ್ಲುಗಳು ಸಾಲುಸಾಲಾಗಿವೆ. ನಾನಿ ಎಂದೋ ಹೇಳಿದ್ದರು: ವಿದುರ ದಾಸಿಯ ಮಗ, ಅರಮನೆಯಲ್ಲಿದ್ದರೂ ಸಿಂಹಾಸನ ಅವನದಾಗಲಿಲ್ಲ, ಆದರೂ ದೊರೆಯ ಎದುರು ಕಂಡದ್ದನ್ನು ಕಂಡಂತೆ ಹೇಳುತ್ತಿದ್ದವನು ಅವನೇ ಎಂದು. ಅನ್ಯಾಯದ ಅಧಿಕಾರಿಯ ಮುಂದೆ ಸತ್ಯ ನುಡಿಯುವುದು ಶ್ರೇಷ್ಠ ಜಿಹಾದ್ ಎಂದು ಕಲಿತ ನಮಗೆ ಆ ಮಾತು ಅಪರಿಚಿತವೆನಿಸಲಿಲ್ಲ.

ನಾವು ಮಕ್ಕಳಿಗೆ ತೋರಿಸಬೇಕೆಂದಿದ್ದದ್ದು ಅಲ್ಲಿನ ಹುತಾತ್ಮರ ಸ್ಮಾರಕವನ್ನು. 1938ರ ಏಪ್ರಿಲ್ 25ರಂದು, ಮೈಸೂರು ಸಂಸ್ಥಾನದಲ್ಲಿ ಧ್ವಜ ಸತ್ಯಾಗ್ರಹ ನಡೆದಿದ್ದ ಕಾಲದಲ್ಲಿ, ಇಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಈ ಸ್ಥಳ ಹೆಸರಾಯಿತು. ಬಂದಿದ್ದವರಲ್ಲಿ ಹೆಚ್ಚಿನವರು ಹಳ್ಳಿಯ ಸಾಮಾನ್ಯ ಜನ. ಯಾವ ಬಣ್ಣದ ತೊಟ್ಟಿಗೂ ಬೀಳದೆ, ತಾವು ಯಾರೋ ಅವರಾಗಿಯೇ ಬಂದು ನಿಂತವರು ಎಂದು ಹೇಳಿ ನಾವು ಪಾಠವನ್ನು ಮುಗಿಸಬೇಕೆಂದಿದ್ದೆವು.

ಅಷ್ಟರಲ್ಲಿ ಮಗ ಕೇಳಿದ: “ಆಗ ಮೈಸೂರಿನ ದಿವಾನರು ಯಾರು?”

ಉತ್ತರ ನಮಗೆ ಗೊತ್ತಿತ್ತು. ಅದನ್ನು ಹೇಳದೆ ಮುಂದಕ್ಕೆ ನಡೆಯುವ ಆಸೆಯೂ ಆಯಿತು. ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್. 1926ರಿಂದ 1941ರವರೆಗೆ ಆ ಹುದ್ದೆಯಲ್ಲಿದ್ದು, ಕನ್ನಂಬಾಡಿಯ ಬೃಂದಾವನದಂತಹ ಉದ್ಯಾನಕ್ಕೆ ಕಾರಣರಾದವರು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಭಿಮಾನದಿಂದ ಹೇಳುವ ಹೆಸರುಗಳಲ್ಲಿ ಒಂದು. ಅದೇ ನಾಲಿಗೆಯಿಂದ ನಾವು ಹೇಳಬೇಕಾಯಿತು: ಈ ಗುಂಡಿನ ದಾಳಿ ನಡೆದದ್ದು ಅವರ ಆಡಳಿತದಲ್ಲಿಯೇ. ಮುಂದಿನ ತಿಂಗಳು ಅವರು ಸರ್ದಾರ್ ಪಟೇಲರೊಡನೆ ಮಾತುಕತೆ ನಡೆಸಿದರು. ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಒಪ್ಪಂದವಾಯಿತು. ಅದೂ ನಿಜ, ಇದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದೂ ನರಿಗೆ ಬಳಿದ ಬಣ್ಣವೇ.

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನು ಹೇಳದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲವಲ್ಲ” ಎಂದ. ಗೊತ್ತಾಗುತ್ತಿರಲಿಲ್ಲ, ನಿಜ. ಆದರೆ ನಮಗೆ ಗೊತ್ತಿತ್ತು.

ನಮ್ಮ ಧರ್ಮದಲ್ಲಿ ‘ನೀನು ನೀನಾಗಿರು’ ಎಂಬುದರ ಅರ್ಥವು ಇಲ್ಲಿದೆಯೆಂದು ನಾವು ತಿಳಿದಿದ್ದೇವೆ. ನ್ಯಾಯದ ಪರವಾಗಿ ಸಾಕ್ಷಿ ನಿಲ್ಲಬೇಕು, ಅದು ಸ್ವತಃ ನಮಗೆ, ನಮ್ಮ ತಂದೆತಾಯಿಗೆ, ನಮ್ಮ ಬಂಧುಗಳಿಗೆ ವಿರುದ್ಧವಾಗಿದ್ದರೂ ಸರಿ ಎಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ (4:135). ಅಲ್ಲಾಹನನ್ನು ಮರೆತವರಿಗೆ ಅವನು ಅವರ ಸ್ವಂತದ ಅರಿವನ್ನೇ ಮರೆಸಿಬಿಟ್ಟನೆಂದೂ ಅದು ಎಚ್ಚರಿಸುತ್ತದೆ (59:19). ಪ್ರತಿಯೊಂದು ಮಗುವೂ ಫಿತ್ರತ್‌ನ ಮೇಲೆ, ಅಂದರೆ ನಿರ್ಮಲವಾದ ಸಹಜ ಪ್ರಕೃತಿಯ ಮೇಲೆ ಜನಿಸುತ್ತದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಹಾಗಾದರೆ ನಮ್ಮ ಮಗುವಿನೊಳಗೆ ಮುಂದೆಂದೋ ಹೊರಬರಲಿರುವ ಹಂಸವೊಂದನ್ನು ನಾವು ಹುಡುಕಬೇಕಾಗಿಲ್ಲ. ಈಗಾಗಲೇ ಇರುವುದರ ಮೇಲೆ ನಾವು ಬಣ್ಣ ಬಳಿಯದಿದ್ದರೆ ಸಾಕು.

ನರಿಯ ಕುರಿತಾದ ಮಗನ ಪ್ರಶ್ನೆಗೂ ಉತ್ತರ ಕೊಡಬೇಕಿತ್ತು. ಮರಳಿ ಬರುವ ಬಸ್ಸಿನಲ್ಲಿ ಕೊಟ್ಟೆವು. ನರಿ ನರಿಯಾಗಿ ಹೋಗಿದ್ದರೆ ಕಾಡು ಅದನ್ನು ಸೇರಿಸದೆಯೂ ಇರಬಹುದಿತ್ತು. ಹಾಗೆ ಸೇರಿಸದಿರುವುದು ಕಾಡಿನ ತಪ್ಪು. ಆ ತಪ್ಪನ್ನು ನರಿ ತನ್ನ ಮೈಗೆ ಬಳಿದುಕೊಳ್ಳಬೇಕಾಗಿಲ್ಲ. ಮೂಗು ಮುಚ್ಚಿಕೊಳ್ಳುವವರು ಮುಂದೆಯೂ ಮುಚ್ಚಿಕೊಳ್ಳುತ್ತಾರೆ. ಆದರೆ ತನ್ನ ಕೈಯ ದುಡಿಮೆಯಿಂದ ಉಂಡದ್ದಕ್ಕಿಂತ ಉತ್ತಮವಾದ ಅನ್ನವಿಲ್ಲ. ಪ್ರವಾದಿ ದಾವೂದ್(ಅ)ರು ಕೈದುಡಿಮೆಯಿಂದಲೇ ಉಣ್ಣುತ್ತಿದ್ದರು. ಪ್ರವಾದಿ ಝಕರಿಯ್ಯಾ(ಅ)ರು ಬಡಗಿಯಾಗಿದ್ದರು. ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕುವ ನಮ್ಮ ಮನೆಯ ಹೆಂಗಸರ ಬೆರಳ ತುದಿಗಳು ಸುಕ್ಕುಗಟ್ಟಿ ಬಿಳಿಚಿಕೊಂಡಿವೆ. ಅದನ್ನು ಅಡಗಿಸಬೇಕೆಂದು ನಮಗೆ ಯಾರು ಕಲಿಸಿದರು? ಬೇರೆ ಯಾರೂ ಅಲ್ಲ, ನಾವೇ ಕಲಿತೆವು, ಮಕ್ಕಳಿಗೂ ಕಲಿಸಿದೆವು.

ಈ ಮಾತುಗಳಿಂದ ಎಲ್ಲವೂ ಸರಿಹೋಯಿತೆಂದು ಹೇಳಿದರೆ ಅದು ಮತ್ತೊಂದು ಬಣ್ಣವಾದೀತು. ಮಗ ಈಗಲೂ ಶಾಲೆಗೆ ಹೊರಡುವ ಮುನ್ನ ಅಂಗಿಯನ್ನು ಮೂಸಿ ನೋಡುತ್ತಾನೆ. ಆದರೆ ಈ ವರ್ಷದ ದಾಖಲಾತಿ ಅರ್ಜಿಯಲ್ಲಿ ತಂದೆಯ ಉದ್ಯೋಗದ ಎದುರು ಅವನೇ ತನ್ನ ಕೈಯಾರೆ “ರೇಷ್ಮೆ ನೂಲು ತೆಗೆಯುವುದು” ಎಂದು ಬರೆದ. ನಾವೂ ಮೊನ್ನೆ ಇನ್ನೊಂದು ಮದುವೆಯ ಮಾತುಕತೆಗೆ ಬಂದವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆವು. ಚರಕ ತಿರುಗುತ್ತಿತ್ತು. ಬಂದವರಲ್ಲಿ ಒಬ್ಬರು ಸೆರಗನ್ನು ಮೂಗಿಗೆ ಹಿಡಿದರು. ಇನ್ನೊಬ್ಬರು ತಮ್ಮ ತಾಯಿಯೂ ಇದೇ ಕೆಲಸ ಮಾಡುತ್ತಿದ್ದರೆಂದು ಹೇಳಿ ತೊಟ್ಟಿಯ ಬಳಿ ನಿಂತುಬಿಟ್ಟರು.

ಮಗಳಿಗೆ ಕೊಡಬೇಕಾಗಿದ್ದ ಉತ್ತರವನ್ನೂ ಕೊಟ್ಟೆವು. ಗೂಡು ಬಿಸಿನೀರಿಗೆ ಬೀಳುತ್ತದೆಂದೂ ಹುಳು ಸಾಯುತ್ತದೆಂದೂ ಮರೆಮಾಚದೆ ಹೇಳಿದೆವು. ಆದ್ದರಿಂದಲೇ ಒಂದು ಎಳೆಯನ್ನೂ ಪೋಲು ಮಾಡಬಾರದು ಎಂದು ಸೇರಿಸಿದೆವು. ಅವಳು ಅತ್ತಳು. ಎರಡು ದಿನಗಳ ಬಳಿಕ ನೋಟ್‌ಪುಸ್ತಕದ ಹಾಳೆಯಲ್ಲಿ ತಾನೇ ಒಂದು ಕಥೆ ಬರೆದು ಚಿತ್ರವನ್ನೂ ಬಿಡಿಸಿ ತಂದಳು. ಹುಳು ಸೊಪ್ಪು ತಿನ್ನುತ್ತದೆ, ನಾಲ್ಕು ಸಲ ಅಂಗಿ ಬದಲಿಸುತ್ತದೆ, ಗೂಡು ಕಟ್ಟುತ್ತದೆ, ನೂಲಾಗುತ್ತದೆ. ಕೊನೆಯ ಸಾಲು ಹೀಗಿತ್ತು: “ಹುಳುವನ್ನು ಯಾರೂ ಕೇಳಲಿಲ್ಲ.”

ಬೇರೆ ಸಮಯದಲ್ಲಾಗಿದ್ದರೆ ಆ ಸಾಲನ್ನು ಹೊಡೆದುಹಾಕಿ, ಸಂತೋಷದ ಕೊನೆಯೊಂದನ್ನು ಬರೆಸುತ್ತಿದ್ದೆವೋ ಏನೋ. ಈ ಸಲ ಹಾಗೆಯೇ ಬಿಟ್ಟೆವು. ಅವಳು ಕಂಡದ್ದನ್ನು ಕಂಡಂತೆ ಬರೆದಿದ್ದಳು.